ಒಂದು ಗಂಟೆಯ ಪರಿಚಯ ಸಾಕೇ? ಕಾಲೇಜು ಗ್ರಂಥಾಲಯಗಳಲ್ಲಿ ಮಾಹಿತಿ ಸಾಕ್ಷರತೆ ಕಲಿಸುವ ಬಗ್ಗೆ

ಗ್ರಂಥಪಾಲಕಿ, ಪದವಿ ಕಾಲೇಜು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಪದವಿ ಕಾಲೇಜೊಂದರ ಗ್ರಂಥಾಲಯದಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪ್ರತಿ ವರ್ಷ ಮೊದಲ ಸೆಮಿಸ್ಟರ್ ಶುರುವಾದ ಎರಡನೆಯ ವಾರದಲ್ಲಿ ಹೊಸ ವಿದ್ಯಾರ್ಥಿಗಳನ್ನು ತಂಡ ತಂಡವಾಗಿ ಕರೆದುಕೊಂಡು ಬಂದು ಒಂದು ಗಂಟೆಯ ಪರಿಚಯ ಕಾರ್ಯಕ್ರಮ ನಡೆಸುವುದು ನಮ್ಮಲ್ಲಿ ನಡೆದುಬಂದ ರೂಢಿ. ಚೀಲ ಎಲ್ಲಿಡಬೇಕು, ರಿಜಿಸ್ಟರಿನಲ್ಲಿ ಎಲ್ಲಿ ಸಹಿ ಹಾಕಬೇಕು, ಒಬ್ಬರಿಗೆ ಎಷ್ಟು ಪುಸ್ತಕ, ತಡವಾದರೆ ದಿನಕ್ಕೆ ಎಷ್ಟು ದಂಡ, ರೆಫರೆನ್ಸ್ ಪುಸ್ತಕಗಳನ್ನು ಏಕೆ ಮನೆಗೆ ಕೊಡುವುದಿಲ್ಲ ಎಂಬುದನ್ನೆಲ್ಲ ಹೇಳಿ, ಕಪಾಟುಗಳ ನಡುವೆ ಒಂದು ಸುತ್ತು ಹಾಕಿಸಿ, ಕಂಪ್ಯೂಟರಿನಲ್ಲಿ ಒಂದು ಪುಸ್ತಕದ ಹೆಸರನ್ನು ಟೈಪ್ ಮಾಡಿ ತೋರಿಸುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ಫೋಟೊ ಮತ್ತು ಹಾಜರಾತಿ ಹಾಳೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸುವ ಕಡತಕ್ಕೆ ಸೇರುತ್ತವೆ.

ಕಳೆದ ಸೆಮಿಸ್ಟರಿನಲ್ಲಿ ನಡೆದ ಒಂದು ಸಂಗತಿಯ ನಂತರ ಈ ರೂಢಿಯ ಬಗ್ಗೆ ನನಗೆ ಸಮಾಧಾನ ಉಳಿದಿಲ್ಲ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಜಿಲ್ಲೆಯ ಕಬ್ಬು ಬೆಳೆಗಾರರ ಬಗ್ಗೆ ಪ್ರಾಜೆಕ್ಟ್ ವರದಿ ಬರೆಯುತ್ತಿದ್ದಳು. ಒಂಬತ್ತು ಲೇಖನಗಳ ಪಟ್ಟಿಯನ್ನು ತಂದು, ಇವನ್ನು ತರಿಸಿಕೊಡಬಹುದೇ ಎಂದು ಕೇಳಿದಳು. ಲೇಖಕರ ಹೆಸರು, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟಸಂಖ್ಯೆ ಎಲ್ಲವೂ ಅಚ್ಚುಕಟ್ಟಾಗಿದ್ದವು. ಇಬ್ಬರೂ ಕುಳಿತು ಒಂದೊಂದಾಗಿ ಹುಡುಕಿದೆವು. ನಾಲ್ಕು ಸಿಕ್ಕಿದವು. ಉಳಿದ ಐದು ಲೇಖನಗಳು ಎಲ್ಲಿಯೂ ಇರಲಿಲ್ಲ. ಒಂದರಲ್ಲಂತೂ ಪತ್ರಿಕೆ ನಿಜವಾದದ್ದು, ಸಂಪುಟವೂ ನಿಜವಾದದ್ದು, ಆದರೆ ಆ ಪುಟಗಳಲ್ಲಿ ಇದ್ದದ್ದು ಬೇರೆ ಯಾರೋ ಬೇರೆ ವಿಷಯದ ಮೇಲೆ ಬರೆದ ಲೇಖನ. ಪಟ್ಟಿಯನ್ನು ಆಕೆ ಚಾಟ್‌ಬಾಟ್ ಒಂದರಿಂದ ಪಡೆದಿದ್ದಳು. ಆಕೆಯಲ್ಲಿ ಮೋಸದ ಉದ್ದೇಶ ಇರಲಿಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಮೋಸ ಮಾಡುವವಳು ಆ ಪಟ್ಟಿಯನ್ನು ಗ್ರಂಥಪಾಲಕಿಯ ಮುಂದೆ ತಂದಿಡುತ್ತಿರಲಿಲ್ಲ. "ನಾನು ಹುಡುಕಿದ್ದೇನೆ ಮೇಡಂ" ಎಂದಳು. ಯಂತ್ರವನ್ನು ಕೇಳುವುದೂ ಆಕರವನ್ನು ಹುಡುಕುವುದೂ ಆಕೆಗೆ ಒಂದೇ ಕೆಲಸವಾಗಿ ಕಂಡಿತ್ತು. ಹೊರಡುವಾಗ, "ಇದನ್ನು ಮೊದಲೇ ಯಾರೂ ಯಾಕೆ ಹೇಳಿಕೊಡಲಿಲ್ಲ?" ಎಂದು ಕೇಳಿದಳು. ಮೂರು ವರ್ಷದ ಹಿಂದೆ ಆಕೆಯ ತಂಡಕ್ಕೆ ಗ್ರಂಥಾಲಯ ಪರಿಚಯಿಸಿದವಳು ನಾನೇ.

ಮಾಹಿತಿ ಸಾಕ್ಷರತೆ ಎಂಬ ಪದವನ್ನು ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಅವರು 1974ರಲ್ಲಿ ಮೊದಲು ಬಳಸಿದರು. 1989ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಸಮಿತಿಯೊಂದು ಅದಕ್ಕೆ ಕೊಟ್ಟ ವಿವರಣೆಯನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ: ತನಗೆ ಮಾಹಿತಿ ಬೇಕಾಗಿದೆ ಎಂದು ಗುರುತಿಸುವುದು, ಅದನ್ನು ಪತ್ತೆಹಚ್ಚುವುದು, ಅದರ ಯೋಗ್ಯತೆಯನ್ನು ಅಳೆಯುವುದು, ಸರಿಯಾಗಿ ಬಳಸುವುದು. ಈ ನಾಲ್ಕರಲ್ಲಿ ನಮ್ಮ ಒಂದು ಗಂಟೆ ಮುಟ್ಟುವುದು ಎರಡನೆಯದರ ಒಂದು ಮೂಲೆಯನ್ನು ಮಾತ್ರ. ನಿಮ್ಮ ಕಾಲೇಜುಗಳಲ್ಲಿ ಉಳಿದದ್ದನ್ನು ಯಾರು ಕಲಿಸುತ್ತಾರೆ, ಯಾವಾಗ ಕಲಿಸುತ್ತಾರೆ, ಯಾವ ಭಾಷೆಯಲ್ಲಿ ಕಲಿಸುತ್ತಾರೆ ಎಂದು ತಿಳಿಯಬೇಕೆಂಬ ಆಸೆಯಿಂದ ಇದನ್ನು ಬರೆದಿದ್ದೇನೆ.

ನಿವೃತ್ತ ಗ್ರಂಥಪಾಲಕ, ಸರಸ್ವತೀಪುರಂ, ಮೈಸೂರು

ಮೇಡಂ, ನಿಮ್ಮ ಮಾತನ್ನು ಓದಿ ಹಳೆಯ ಕಾರ್ಡ್ ಕ್ಯಾಟಲಾಗ್ ನೆನಪಾಯಿತು. ಹಳೆಯದನ್ನು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮರದ ಆ ಸಣ್ಣ ಡ್ರಾಯರುಗಳಲ್ಲಿ ಪುಸ್ತಕದ ಕಾರ್ಡುಗಳ ನಡುವೆ "ಇದನ್ನು ನೋಡಿ", "ಇದನ್ನೂ ನೋಡಿ" ಎಂಬ ಕಾರ್ಡುಗಳಿರುತ್ತಿದ್ದವು. ವಿದ್ಯಾರ್ಥಿ ಒಂದು ಹೆಸರಿನಲ್ಲಿ ಹುಡುಕಿದರೆ, ಗ್ರಂಥಾಲಯವು ಆ ವಿಷಯವನ್ನು ಬೇರೆ ಹೆಸರಿನಲ್ಲಿ ಇಟ್ಟಿದೆ, ಅಲ್ಲಿಗೆ ಹೋಗು ಎಂದು ಕಾರ್ಡೇ ಹೇಳುತ್ತಿತ್ತು. ಒಂದೇ ವಸ್ತುವಿಗೆ ಹಲವು ಹೆಸರುಗಳಿರುತ್ತವೆ ಎಂಬ ಪಾಠವನ್ನು ಯಾರೂ ಬಾಯಿಬಿಟ್ಟು ಕಲಿಸದೆಯೇ ಆತ ಕಲಿಯುತ್ತಿದ್ದ. ಈಗಿನ ಹುಡುಕು ಪೆಟ್ಟಿಗೆ ಏನು ಬರೆದರೂ ಬೇಡವೆನ್ನುವುದಿಲ್ಲ, ಏನನ್ನಾದರೂ ಮುಂದಿಡುತ್ತದೆ. ಹಾಗಾಗಿ ತಾನು ಸರಿಯಾದ ಪದದಲ್ಲಿ ಹುಡುಕಿದೆನೇ ಎಂಬ ಸಂಶಯವೇ ವಿದ್ಯಾರ್ಥಿಗೆ ಬರುವುದಿಲ್ಲ.

ನಮ್ಮ ಜಿಲ್ಲೆಗಳ ಮಟ್ಟಿಗೆ ಈ ಹೆಸರುಗಳ ವಿಷಯ ಸಣ್ಣದಲ್ಲ. 2014ರ ನವೆಂಬರ್ 1ಕ್ಕೆ ಮೊದಲಿನ ಇಂಗ್ಲಿಷ್ ಬರಹಗಳಲ್ಲಿ ನಗರದ ಹೆಸರು ಸಾಮಾನ್ಯವಾಗಿ "ಮೈಸೂರ್" ಎಂದಿರುತ್ತದೆ, ಅನಂತರದ ಸರ್ಕಾರಿ ದಾಖಲೆಗಳಲ್ಲಿ "ಮೈಸೂರು" ಎಂದಿರುತ್ತದೆ. ಒಂದೇ ಕಾಗುಣಿತದಲ್ಲಿ ಹುಡುಕಿದವನಿಗೆ ಅರ್ಧ ಸಾಹಿತ್ಯ ಕಾಣುವುದೇ ಇಲ್ಲ. 1973ರ ನವೆಂಬರ್ 1ಕ್ಕೆ ಮೊದಲು ಇಡೀ ರಾಜ್ಯದ ಹೆಸರೇ ಮೈಸೂರು. ಆದ್ದರಿಂದ 1965ರ ವರದಿಯೊಂದರಲ್ಲಿ "ಮೈಸೂರಿನ ರಾಗಿ ಇಳುವರಿ" ಎಂದಿದ್ದರೆ ಅದು ನಗರದ ಮಾತೂ ಅಲ್ಲ, ಜಿಲ್ಲೆಯ ಮಾತೂ ಅಲ್ಲದಿರಬಹುದು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅದಕ್ಕೆ ಮೊದಲಿನ ಅಂಕಿಅಂಶಗಳಲ್ಲಿ ಮಂಡ್ಯ ಜಿಲ್ಲೆಯನ್ನು ಹುಡುಕಿದರೆ ಸಿಗುವುದಿಲ್ಲ. ಮೈಸೂರು ಜಿಲ್ಲೆಯ ತಾಲ್ಲೂಕುಗಳ ಸಾಲಿನಲ್ಲಿ ನೋಡಬೇಕು. ಶ್ರೀರಂಗಪಟ್ಟಣವನ್ನು ಬ್ರಿಟಿಷರ ದಾಖಲೆಗಳಲ್ಲಿ ಸೆರಿಂಗಪಟಂ ಎಂದು, ವಿಶ್ವೇಶ್ವರಯ್ಯ ನಾಲೆಯನ್ನು ಇರ್ವಿನ್ ನಾಲೆ ಎಂದು ಹುಡುಕಬೇಕು.

ಭಾರತದ ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂಬುದು. ಪುಸ್ತಕವನ್ನು ಬೇಗ ತೆಗೆದುಕೊಟ್ಟರೆ ಆ ಸೂತ್ರವನ್ನು ಪಾಲಿಸಿದಂತೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಯಾವ ಹೆಸರುಗಳಲ್ಲಿ ಹುಡುಕಬೇಕೆಂದು ಮೊದಲೇ ಹೇಳಿಕೊಡುವುದರಿಂದ ಉಳಿಯುವ ಸಮಯ ಅದಕ್ಕಿಂತ ಎಷ್ಟೋ ಹೆಚ್ಚಿನದು ಎಂಬುದು ನಿವೃತ್ತಿಗೆ ಹತ್ತಿರವಾದಾಗ ಅರ್ಥವಾಯಿತು.

ಇತಿಹಾಸ ಅಧ್ಯಾಪಕ, ಮೈಸೂರು

ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಗ್ರಂಥಪಾಲಕರು ಇಷ್ಟು ಹೊಣೆಯನ್ನು ತಮ್ಮ ಮೇಲೆಯೇ ಹಾಕಿಕೊಳ್ಳಬೇಕಾಗಿಲ್ಲ. ತಪ್ಪಿನ ದೊಡ್ಡ ಪಾಲು ಅಸೈನ್‌ಮೆಂಟ್ ಕೊಡುವ ನಮ್ಮದು. "ಟಿಪ್ಪುವಿನ ಆಡಳಿತ, ಹದಿನೈದು ಪುಟ" ಎಂದು ವಿಷಯ ಕೊಟ್ಟರೆ ಹುಡುಕುವುದಕ್ಕೆ ಅದರಲ್ಲಿ ಏನಿದೆ? ತುಂಬುವುದಕ್ಕೆ ಪುಟಗಳಿವೆ, ಅಷ್ಟೇ. ವಿದ್ಯಾರ್ಥಿ ತುಂಬುತ್ತಾನೆ, ನಾವು ಪುಟ ಎಣಿಸಿ ಅಂಕ ಹಾಕುತ್ತೇವೆ. ಹಾಗಿರುವಾಗ ಆಕರದ ಯೋಗ್ಯತೆ ಅಳೆಯುವುದನ್ನು ಗ್ರಂಥಾಲಯದವರು ಎಷ್ಟು ಚೆನ್ನಾಗಿ ಕಲಿಸಿದರೂ ಆ ಕಲಿಕೆಗೆ ನಮ್ಮ ತರಗತಿಯಲ್ಲಿ ಕೆಲಸವೇ ಇರುವುದಿಲ್ಲ.

ಎರಡು ವರ್ಷದಿಂದ ನಾನು ಹದಿನೈದು ಪುಟ ಕೇಳುವುದನ್ನು ಬಿಟ್ಟಿದ್ದೇನೆ. ಎರಡೇ ಪುಟ ಕೇಳುತ್ತೇನೆ, ಆದರೆ ಒಂದು ವಾಕ್ಯವನ್ನು ಕೊಟ್ಟು ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ಹೇಳುತ್ತೇನೆ. ಒಂದು ಉದಾಹರಣೆ ಕೊಡುತ್ತೇನೆ. "ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭಿಸಿ ಪೂರ್ಣಗೊಳಿಸಿದರು" ಎಂಬ ವಾಕ್ಯವನ್ನು ನಮ್ಮ ವಿದ್ಯಾರ್ಥಿಗಳು ಹಲವು ಕಡೆ ಓದಿರುತ್ತಾರೆ. ಕೇಳಲು ಯಾವ ತೊಡಕೂ ಇಲ್ಲದ ವಾಕ್ಯ. ಕೆಲಸ ಆರಂಭವಾದದ್ದು 1911ರಲ್ಲಿ ಎಂಬುದು ಸರಿ. ಆದರೆ ವಿಶ್ವೇಶ್ವರಯ್ಯನವರು ದಿವಾನರಾದದ್ದು 1912ರಲ್ಲಿ. 1911ರಲ್ಲಿ ಅವರು ಸಂಸ್ಥಾನದ ಮುಖ್ಯ ಎಂಜಿನಿಯರ್. ದಿವಾನಗಿರಿಯನ್ನು ಅವರು 1918ರಲ್ಲಿ ಬಿಟ್ಟರು, ಕಟ್ಟೆ ಪೂರ್ಣಗೊಂಡದ್ದು ಅದಾದ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲದ ನಂತರ. ಪೂರ್ಣಗೊಂಡ ವರ್ಷವನ್ನು ಕೆಲವರು 1931 ಎಂದೂ ಕೆಲವರು 1932 ಎಂದೂ ಬರೆಯುತ್ತಾರೆ. ಒಂದು ವಾಕ್ಯದೊಳಗೆ ಇಷ್ಟು ಗಂಟುಗಳಿವೆ ಎಂದು ಕಂಡಾಗ ವಿದ್ಯಾರ್ಥಿಗಳ ಮುಖದಲ್ಲಿ ಬರುವ ಉತ್ಸಾಹವನ್ನು ನಾನು ಹದಿನೈದು ಪುಟದ ಯಾವ ವರದಿಯಲ್ಲಿಯೂ ನೋಡಿರಲಿಲ್ಲ. ಇದರಿಂದ ವಿಶ್ವೇಶ್ವರಯ್ಯನವರ ಹಿರಿಮೆ ಕಡಿಮೆಯಾಗುವುದಿಲ್ಲ ಎಂಬುದನ್ನೂ ಅವರೇ ಚರ್ಚಿಸಿ ಕಂಡುಕೊಂಡರು.

ಇನ್ನೊಂದು ವಿಷಯ ಶಾಸನಗಳದು. ಬಿ. ಎಲ್. ರೈಸ್ ಅವರು ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಮಂಡ್ಯ ತಾಲ್ಲೂಕಿನ ಶಾಸನಗಳು 1894ರಲ್ಲಿ ಬಂದ ಮೂರನೆಯ ಸಂಪುಟದಲ್ಲಿವೆ, ಏಕೆಂದರೆ ಆಗ ಮಂಡ್ಯ ಮೈಸೂರು ಜಿಲ್ಲೆಗೆ ಸೇರಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅದೇ ತಾಲ್ಲೂಕು ಏಳನೆಯ ಸಂಪುಟದಲ್ಲಿದೆ, ಶಾಸನಗಳ ಸಂಖ್ಯೆಗಳೂ ಬದಲಾಗಿವೆ. ಆವೃತ್ತಿಯನ್ನು ಹೇಳದೆ ಸಂಪುಟ ಮತ್ತು ಸಂಖ್ಯೆಯನ್ನು ಮಾತ್ರ ಬರೆದರೆ ಮುಂದಿನ ಓದುಗ ಬೇರೊಂದು ಊರಿನ ಕಲ್ಲಿನ ಮುಂದೆ ನಿಲ್ಲುತ್ತಾನೆ. ಅಡಿಟಿಪ್ಪಣಿಯನ್ನು ಪೂರ್ತಿಯಾಗಿ ಏಕೆ ಬರೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ವಾಣಿಜ್ಯ ಉಪನ್ಯಾಸಕಿ, ಮದ್ದೂರು

ಚರ್ಚೆ ಚೆನ್ನಾಗಿದೆ. ಆದರೆ ಒಂದು ವಾಸ್ತವವನ್ನು ಹೇಳಲೇಬೇಕು. ನನ್ನ ತರಗತಿಯಲ್ಲಿ ತೊಂಬತ್ತು ವಿದ್ಯಾರ್ಥಿಗಳಿದ್ದಾರೆ. ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಾಲೇಜುಗಳಲ್ಲಿ ಉಪನ್ಯಾಸಕರೊಬ್ಬರಿಗೆ ಹೆಚ್ಚುವರಿ ಹೊಣೆಯಾಗಿ ಗ್ರಂಥಾಲಯದ ಬೀಗದ ಕೈ ಕೊಟ್ಟಿರುತ್ತಾರೆ. ಶಾಸನ, ಸಂಶೋಧನಾ ಲೇಖನ ಇವೆಲ್ಲ ಎಂ.ಎ. ಮತ್ತು ಪಿಎಚ್.ಡಿ. ಮಾಡುವವರಿಗೆ ಬೇಕಾದವು. ಬಿ.ಕಾಂ. ಮುಗಿಸಿ ಲೆಕ್ಕಪತ್ರದ ಕೆಲಸಕ್ಕೋ ಬ್ಯಾಂಕ್ ಪರೀಕ್ಷೆಗೋ ಹೋಗುವ ನನ್ನ ವಿದ್ಯಾರ್ಥಿಗಳಿಗೆ ಇದರಿಂದ ಏನು ಪ್ರಯೋಜನ ಎಂದು ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ಗ್ರಂಥಪಾಲಕಿ, ಪದವಿ ಕಾಲೇಜು, ಮಂಡ್ಯ

ಮೇಡಂ, ಹುದ್ದೆಗಳ ಬಗ್ಗೆ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದು ನಮ್ಮೆಲ್ಲರ ನೋವು. ಪ್ರಯೋಜನದ ಬಗ್ಗೆ ಮಾತ್ರ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ವಿದ್ಯಾರ್ಥಿಗಳು ಜಿ.ಎಸ್.ಟಿ. ದರಗಳನ್ನು ಎಲ್ಲಿಂದ ತೆಗೆದುಕೊಳ್ಳುತ್ತಾರೆ?

ವಾಣಿಜ್ಯ ಉಪನ್ಯಾಸಕಿ, ಮದ್ದೂರು

ನೀವು ಕೇಳಿದ ಪ್ರಶ್ನೆ ನೇರವಾಗಿ ತಾಗಿತು, ಏಕೆಂದರೆ ನಡೆದದ್ದು ಅದೇ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಬದಲಾಗಿ, ಶೇ 12 ಮತ್ತು ಶೇ 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಶೇ 5 ಮತ್ತು ಶೇ 18ಕ್ಕೆ ಬಂದವು, ಕೆಲವಕ್ಕೆ ಶೇ 40 ಬಂತು. ಅದಾದ ಮುಂದಿನ ತಿಂಗಳು ನಡೆದ ಸೆಮಿನಾರಿನಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಹಲವರು 5, 12, 18, 28 ಎಂಬ ಹಳೆಯ ನಾಲ್ಕು ಹಂತಗಳನ್ನೇ ಸ್ಲೈಡಿನಲ್ಲಿ ತೋರಿಸಿದರು. ಅವರು ತೆರೆದ ಪುಟ ಸುಳ್ಳು ಹೇಳಿರಲಿಲ್ಲ, ಅದನ್ನು ಬರೆದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಪುಟದ ದಿನಾಂಕವನ್ನು ಯಾರೂ ನೋಡಿರಲಿಲ್ಲ. ನಾನೂ ತಿದ್ದುಪಡಿಯನ್ನು ಹೇಳಿ ಮುಂದೆ ಹೋದೆನೇ ಹೊರತು ದಿನಾಂಕ ನೋಡುವುದನ್ನು ಕಲಿಸಲಿಲ್ಲ. ಲೆಕ್ಕಪತ್ರದ ಕೆಲಸದಲ್ಲಿ ಇದೇ ತಪ್ಪು ಮಾಡಿದರೆ ಗ್ರಾಹಕರ ಬಿಲ್ಲೇ ತಪ್ಪಾಗುತ್ತದೆ. ನನ್ನ ಮೊದಲಿನ ಮಾತನ್ನು ಇಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ತೊಂಬತ್ತು ಜನರ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಎಂ.ಎ. ಕನ್ನಡ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಹಿರಿಯರ ನಡುವೆ ಬರೆಯಲು ಸಂಕೋಚವಾಗುತ್ತಿದೆ, ಆದರೂ ವಿದ್ಯಾರ್ಥಿಗಳ ಕಡೆಯಿಂದ ಯಾರಾದರೂ ಹೇಳಬೇಕೆಂದು ಬರೆಯುತ್ತಿದ್ದೇನೆ. ನಾನು ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದವಳು, ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪದವಿಯ ಮೊದಲ ವರ್ಷದಲ್ಲಿ ನನಗೂ ಗ್ರಂಥಾಲಯ ಪರಿಚಯದ ಒಂದು ಗಂಟೆ ಸಿಕ್ಕಿತ್ತು. ಅದರಲ್ಲಿ ಕೇಳಿದ ಡೇಟಾಬೇಸ್, ಜರ್ನಲ್, ಅಬ್‌ಸ್ಟ್ರಾಕ್ಟ್ ಎಂಬ ಪದಗಳಲ್ಲಿ ಒಂದೂ ನನಗೆ ಅರ್ಥವಾಗಲಿಲ್ಲ, ಎಲ್ಲರಿಗೂ ಅರ್ಥವಾಗಿದೆ ಎಂದುಕೊಂಡು ಸುಮ್ಮನೆ ನಿಂತಿದ್ದೆ. ಅಬ್‌ಸ್ಟ್ರಾಕ್ಟ್ ಎಂದರೆ ಲೇಖನದ ಸಾರಾಂಶ ಎಂದು ನನಗೆ ತಿಳಿದದ್ದು ಮೂರನೆಯ ವರ್ಷದಲ್ಲಿ, ಅದೂ ಹಾಸ್ಟೆಲಿನ ಅಕ್ಕ ಒಬ್ಬರಿಂದ. ಆ ಕೌಂಟರಿನ ಬಳಿ ಹೋಗಿ ಕೇಳುವ ಧೈರ್ಯ ಇರಲಿಲ್ಲ. ಚಾಟ್‌ಬಾಟ್ ಅನ್ನು ಕೇಳಲು ಧೈರ್ಯ ಬೇಕಾಗಿಲ್ಲ. ನನ್ನಂಥವರು ಅದರ ಕಡೆ ಹೋಗುವುದಕ್ಕೆ ಸೋಮಾರಿತನಕ್ಕಿಂತ ಇದೇ ದೊಡ್ಡ ಕಾರಣ ಎಂದು ದಯವಿಟ್ಟು ತಿಳಿಯಬೇಕು.

ಕನ್ನಡದಲ್ಲಿ ಸಂಶೋಧನೆ ಮಾಡುವವರ ಕಷ್ಟ ಇನ್ನೊಂದು ಬಗೆಯದು. ವಚನ ಸಾಹಿತ್ಯದ ಮೇಲೆ ಪ್ರಬಂಧ ಬರೆಯಲು, ಭಾರತದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ಹುಡುಕಿದಾಗ, ಕನ್ನಡ ಲಿಪಿಯಲ್ಲಿ ಬರೆದರೆ ಕೆಲವು ಮಹಾಪ್ರಬಂಧಗಳು ಬಂದವು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಬೇರೆಯೇ ಪಟ್ಟಿ ಬಂತು. ಇಂಗ್ಲಿಷಿನಲ್ಲಿಯೂ "ಚ" ಅಕ್ಷರವನ್ನು ಜನಬಳಕೆಯಲ್ಲಿ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ, ವಿದ್ವಾಂಸರು ಒಂದೇ ಅಕ್ಷರದಿಂದ ಬರೆಯುತ್ತಾರೆ. ಎರಡು ಬಗೆಯಲ್ಲಿಯೂ ಹುಡುಕದಿದ್ದರೆ ವಿದೇಶಗಳಲ್ಲಿ ಆದ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಕೆಲವು ಹಳೆಯ ಕನ್ನಡ ಕಡತಗಳು ಯೂನಿಕೋಡ್‌ಗೆ ಮೊದಲಿನ ಅಕ್ಷರ ಸಂಕೇತದಲ್ಲಿವೆ, ಕೆಲವು ಬರಿಯ ಸ್ಕ್ಯಾನ್ ಚಿತ್ರಗಳು. ಪುಟದಲ್ಲಿ ಕಣ್ಣಿಗೆ ಕಾಣುವ ಪದ ಹುಡುಕಾಟಕ್ಕೆ ಸಿಗುವುದಿಲ್ಲ. "ಸಿಗಲಿಲ್ಲ" ಎಂದರೆ "ಇಲ್ಲ" ಎಂದು ನಾನು ಒಂದು ವರ್ಷ ನಂಬಿದ್ದೆ. ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ ಎಂದು ಪ್ರಬಂಧದಲ್ಲಿ ಬರೆದೂ ಬಿಟ್ಟಿದ್ದೆ. ಕಪಾಟಿನಲ್ಲಿ ಬೇರೆ ಪುಸ್ತಕ ಹುಡುಕುವಾಗ ಅದೇ ವಿಷಯದ ಮೇಲಿನ ಒಂದು ಪುಸ್ತಕ ಕೈಗೆ ಸಿಕ್ಕಿದ ದಿನ ನನಗಾದ ನಾಚಿಕೆಯನ್ನು ಮರೆಯಲಾರೆ.

ನಿವೃತ್ತ ಗ್ರಂಥಪಾಲಕ, ಸರಸ್ವತೀಪುರಂ, ಮೈಸೂರು

ಮಗಳೇ, ನಾಚಿಕೆಪಡಬೇಕಾದವಳು ನೀನಲ್ಲ. ಕೌಂಟರಿನ ಈ ಕಡೆ ಕುಳಿತವರು ಎದ್ದು ಬಂದು ಮಾತನಾಡಿಸಬೇಕಿತ್ತು. ಸಿಗದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂದು ನೀನು ಬರೆದಿರುವುದನ್ನು ಪ್ರತಿ ಪರಿಚಯ ತರಗತಿಯ ಮೊದಲ ವಾಕ್ಯವಾಗಿ ಹೇಳಬೇಕು.

ಗ್ರಂಥಾಲಯ ವಿಭಾಗ, ತಾಂತ್ರಿಕ ಕಾಲೇಜು, ಮಂಡ್ಯ

ನಮ್ಮಲ್ಲಿ ಈ ಮಾತೆಲ್ಲ ಸಾಮ್ಯತೆಯ ಶೇಕಡಾವಾರಿನ, ಅಂದರೆ ಒಂದು ಬರಹ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ತಂತ್ರಾಂಶ ತೋರಿಸುವ ಸಂಖ್ಯೆಯ ಸುತ್ತಲೇ ನಿಂತಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯು.ಜಿ.ಸಿ.) 2018ರ ನಿಯಮಗಳ ಪ್ರಕಾರ ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ, ಶೇ 10ರಿಂದ 40, 40ರಿಂದ 60 ಮತ್ತು 60ಕ್ಕೆ ಮೇಲ್ಪಟ್ಟು ಎಂದು ಮೂರು ಹಂತಗಳಲ್ಲಿ ಕ್ರಮಗಳಿವೆ. ವಿದ್ಯಾರ್ಥಿಗಳು ಇದನ್ನು ಹತ್ತು ಭಾಗದವರೆಗೆ ನಕಲು ಮಾಡಲು ಕೊಟ್ಟ ಅನುಮತಿ ಎಂದು ಓದುತ್ತಾರೆ. ವರದಿಯಲ್ಲಿ ಶೇ 23 ಬಂದರೆ ಪದಗಳನ್ನು ಅಲ್ಲಲ್ಲಿ ಬದಲಾಯಿಸಿ ಶೇ 9ಕ್ಕೆ ಇಳಿಸಿಕೊಡುವವರೂ ಇದ್ದಾರೆ. ಆಗ ಸಂಖ್ಯೆ ಇಳಿಯುತ್ತದೆ, ಕದ್ದ ವಿಚಾರ ಕದ್ದದ್ದಾಗಿಯೇ ಉಳಿಯುತ್ತದೆ. ಸರಿಯಾಗಿ ಉಲ್ಲೇಖ ಕೊಟ್ಟು ಉದ್ಧರಿಸಿದವನು ಅಂಜುತ್ತಾನೆ, ಮಾತು ತಿರುಚಿ ಬರೆದವನು ನಿಶ್ಚಿಂತೆಯಾಗಿರುತ್ತಾನೆ. ತಂತ್ರಾಂಶವು ಸಾಮ್ಯತೆಯನ್ನು ತೋರಿಸುತ್ತದೆಯೇ ಹೊರತು ಕೃತಿಚೌರ್ಯವನ್ನು ತೀರ್ಮಾನಿಸುವುದಿಲ್ಲ ಎಂಬುದನ್ನು ನಾವು ಪ್ರತಿ ವರ್ಷ ಹೇಳುತ್ತೇವೆ. ಅಷ್ಟು ಹೇಳಿದರೆ ಸಾಲದು ಎಂದು ಈಗ ಅನಿಸುತ್ತಿದೆ. ಒಂದು ಪ್ಯಾರಾವನ್ನು ಓದಿ, ಪುಸ್ತಕ ಮುಚ್ಚಿಟ್ಟು, ತನ್ನ ಮಾತಿನಲ್ಲಿ ಬರೆದು, ಮೂಲವನ್ನು ಹೆಸರಿಸುವ ಅಭ್ಯಾಸವನ್ನು ಎದುರಿಗೆ ಕೂರಿಸಿಕೊಂಡೇ ಮಾಡಿಸಬೇಕು.

ಇನ್ನೊಂದು ಬೆಳವಣಿಗೆಯನ್ನೂ ಗಮನಿಸಬೇಕು. ಇದುವರೆಗೆ ಯಾವ ಪತ್ರಿಕೆ ನಂಬಲರ್ಹ ಎಂದು ಕೇಳಿದರೆ ಯು.ಜಿ.ಸಿ. ಕೇರ್ ಪಟ್ಟಿಯನ್ನು ತೋರಿಸಿ ಸುಮ್ಮನಾಗುತ್ತಿದ್ದೆವು. 2025ರಲ್ಲಿ ಆ ಪಟ್ಟಿಯನ್ನು ನಿಲ್ಲಿಸಲಾಯಿತು, ಪತ್ರಿಕೆಯ ಗುಣವನ್ನು ಸಂಸ್ಥೆಗಳೂ ಸಂಶೋಧಕರೂ ತಾವೇ ಅಳೆಯಬೇಕಾಗಿದೆ. ಅದೇ ವರ್ಷದ ಜನವರಿಯಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಬಾಗಿಲು ದೊಡ್ಡದಾಗಿ ತೆರೆಯಿತು, ಅದೇ ಹೊತ್ತಿಗೆ ಒಳಗಿನ ದಾರಿ ತೋರುವ ಫಲಕವನ್ನು ತೆಗೆದರು. ಹಣ ಕೊಟ್ಟರೆ ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎಂದು ಮಿಂಚಂಚೆ ಕಳಿಸುವ ಪತ್ರಿಕೆಗಳ ಬಲೆಗೆ ವಿದ್ಯಾರ್ಥಿ ಬೀಳದಂತೆ ನೋಡಿಕೊಳ್ಳುವ ಕೆಲಸ ಈಗ ಪೂರ್ತಿಯಾಗಿ ನಮ್ಮದು.

ಗ್ರಂಥಪಾಲಕಿ, ಪದವಿ ಕಾಲೇಜು, ಮಂಡ್ಯ

ಎಲ್ಲರಿಗೂ ಕೃತಜ್ಞತೆಗಳು. ನಾನು ಒಂದು ತರಗತಿಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ. ಜಾಲತಾಣವೊಂದು ನಂಬಲರ್ಹವೇ ಎಂದು ನೋಡಲು ಮೊದಲು ನಾನು ಉದ್ದದ ಪ್ರಶ್ನಾವಳಿ ಕೊಡುತ್ತಿದ್ದೆ: ಲೇಖಕರ ಹೆಸರಿದೆಯೇ, ವಿನ್ಯಾಸ ಶುಚಿಯಾಗಿದೆಯೇ, ಅಕ್ಷರದೋಷಗಳಿವೆಯೇ ಇತ್ಯಾದಿ. ಈಗ ಸುಳ್ಳು ತಾಣಗಳೂ ಈ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರಿಸುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳು ಜಾಲಪುಟಗಳನ್ನು ಹೇಗೆ ಪರೀಕ್ಷಿಸುತ್ತಾರೆ ಎಂದು ನೋಡಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟವನ್ನೇ ಮೇಲಿಂದ ಕೆಳಗೆ ಓದುತ್ತಾ ಉಳಿದು ಹಲವು ಸಲ ಮೋಸಹೋದರು. ಸತ್ಯಶೋಧಕರು ಬೇಗನೆ ಆ ಪುಟವನ್ನು ಬಿಟ್ಟು ಬೇರೆ ಟ್ಯಾಬ್ ತೆರೆದು, ಇದರ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ಹುಡುಕಿದರು. ಇದನ್ನು ಅಡ್ಡ ಓದು ಎಂದು ಕರೆಯಬಹುದು.

ತರಗತಿಯಲ್ಲಿ ಇದನ್ನು ಹೇಗೆ ವಿವರಿಸಲಿ ಎಂದು ತಡವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಮೇಡಂ, ನಮ್ಮ ತಂದೆ ಕಬ್ಬಿನ ಲೋಡನ್ನು ಕಾರ್ಖಾನೆಗೆ ಕಳಿಸುವ ಮೊದಲು ಹೊರಗಡೆ ಒಂದು ವೇಬ್ರಿಡ್ಜ್‌ನಲ್ಲಿ ತೂಕ ಹಾಕಿಸುತ್ತಾರೆ, ಹಾಗೆಯೇ ಅಲ್ಲವೇ?" ಎಂದ. ಇಡೀ ತರಗತಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರ ಮನೆಗಳಲ್ಲಿ ಇದ್ದೇ ಇದೆ. ಅದನ್ನು ಫೋನಿನ ಪರದೆಗೂ ಅನ್ವಯಿಸಬಹುದೆಂದು ಯಾರೂ ಹೇಳಿರಲಿಲ್ಲ. ಅಂದಿನಿಂದ ನಾನು "ಹೊರಗಿನ ತೂಕ ಹಾಕಿಸಿದಿರಾ?" ಎಂದೇ ಕೇಳುತ್ತೇನೆ.

ಇತಿಹಾಸ ಅಧ್ಯಾಪಕ, ಮೈಸೂರು

ಹೊರಗಿನ ತೂಕ ಎಂಬ ಮಾತನ್ನು ನಾನೂ ಬಳಸಿಕೊಳ್ಳುತ್ತೇನೆ. ಆದರೆ ಚಾಟ್‌ಬಾಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮೊದಲ ಎರಡು ವರ್ಷ ಅದನ್ನು ಬಳಸಲು ಬಿಡಬಾರದು. ಕೈಯಿಂದ ಹುಡುಕಿ ತಪ್ಪಿದವನಿಗೆ ಮಾತ್ರ ಯಂತ್ರದ ತಪ್ಪು ಕಾಣುತ್ತದೆ.

ಎಂ.ಎ. ಕನ್ನಡ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಸರ್, ತಾವು ಬೇಡವೆಂದರೂ ಹಾಸ್ಟೆಲಿನಲ್ಲಿ ಎಲ್ಲರೂ ಬಳಸುತ್ತಾರೆ. ಮುಚ್ಚಿಟ್ಟು ಬಳಸುತ್ತಾರೆ, ಅಷ್ಟೇ. ಮುಚ್ಚಿಟ್ಟದ್ದನ್ನು ತಿದ್ದಲು ಯಾರಿಗೂ ಅವಕಾಶ ಸಿಗುವುದಿಲ್ಲ. ಮಂಡ್ಯದ ಮೇಡಂ ಅವರ ಬಳಿ ಆ ವಿದ್ಯಾರ್ಥಿನಿ ಪಟ್ಟಿಯನ್ನು ತೆರೆದು ತೋರಿಸಿದ್ದರಿಂದಲೇ ಅಲ್ಲವೇ ಆಕೆ ಕಲಿತದ್ದು? ಅಂಥ ಪಟ್ಟಿಯನ್ನು ತಂದು, ಒಂದೊಂದು ಲೇಖನವೂ ನಿಜವಾಗಿ ಇದೆಯೇ ಎಂದು, ಲೇಖನಕ್ಕೆ ಕೊಡುವ ಶಾಶ್ವತ ಗುರುತಾದ ಡಿಒಐ ಸಂಖ್ಯೆಯಿಂದ, ಪತ್ರಿಕೆಯ ವಿಷಯಸೂಚಿಯಿಂದ ಪರೀಕ್ಷಿಸುವುದನ್ನೇ ಅಸೈನ್‌ಮೆಂಟ್ ಮಾಡಿದರೆ ಒಳ್ಳೆಯದೆಂದು ನನ್ನ ವಿನಂತಿ. ಮತ್ತೆ, ದಯವಿಟ್ಟು ಕನ್ನಡದಲ್ಲಿ ವಿವರಿಸಿ. ಡೇಟಾಬೇಸಿನ ಬಟನ್ನುಗಳು ಇಂಗ್ಲಿಷಿನಲ್ಲಿದ್ದರೂ ಯೋಚನೆ ಕನ್ನಡದಲ್ಲಿಯೇ ನಡೆಯುತ್ತದೆ.

ಇತಿಹಾಸ ಅಧ್ಯಾಪಕ, ಮೈಸೂರು

ಮುಚ್ಚಿಟ್ಟದ್ದನ್ನು ತಿದ್ದಲಾಗದು ಎಂಬ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಯೋಚಿಸುತ್ತೇನೆ. ಒಂದು ಸೆಮಿಸ್ಟರ್ ಮಾಡಿ ನೋಡಲು ಸಿದ್ಧನಿದ್ದೇನೆ, ಆದರೆ ಪಟ್ಟಿಯ ಜೊತೆಗೆ ಕೈಯಿಂದ ಹುಡುಕಿದ ಎರಡು ಆಕರಗಳಾದರೂ ಇರಲೇಬೇಕು ಎಂಬ ಷರತ್ತಿನ ಮೇಲೆ.

ವಾಣಿಜ್ಯ ಉಪನ್ಯಾಸಕಿ, ಮದ್ದೂರು

ತೊಂಬತ್ತು ಜನರ ಪ್ರಶ್ನೆಗೆ ನಾನೇ ಒಂದು ಉತ್ತರ ಹುಡುಕಿದ್ದೇನೆ, ಸರಿಯೇ ನೋಡಿ. ಆರು ಆರು ಜನರ ಹದಿನೈದು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಸರಕಿನ ತೆರಿಗೆ ದರ ಕೊಟ್ಟು, ಆ ದರ ಯಾವ ದಿನಾಂಕದಿಂದ ಜಾರಿಯಲ್ಲಿದೆ, ಅದಕ್ಕೆ ಮೂಲ ಅಧಿಸೂಚನೆ ಯಾವುದು ಎಂದು ಒಂದೇ ಪುಟದಲ್ಲಿ ಬರೆಸುತ್ತೇನೆ. ಹದಿನೈದು ಪುಟ ತಿದ್ದುವುದು ನನ್ನಿಂದ ಸಾಧ್ಯ. ಇಂಟರ್ನಲ್ಸ್‌ನಲ್ಲಿ ಐದು ಅಂಕ ಇದಕ್ಕೆ ಇಡುತ್ತೇನೆ, ಅಂಕ ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.

ಗ್ರಂಥಪಾಲಕಿ, ಪದವಿ ಕಾಲೇಜು, ಮಂಡ್ಯ

ಸರಿಯಾಗಿದೆ ಮೇಡಂ. ಗ್ರಂಥಾಲಯದ ಪಾಠವನ್ನು ಎರಡನೆಯ ವಾರದಲ್ಲಿ ಮಾಡದೆ, ಅಸೈನ್‌ಮೆಂಟ್ ಕೊಟ್ಟ ಮರುದಿನ ಮಾಡಬೇಕು ಎಂಬುದು ನನಗೂ ಈ ಚರ್ಚೆಯಿಂದ ಸ್ಪಷ್ಟವಾಯಿತು. ಹಸಿವಾದಾಗ ಬಡಿಸಿದ ಊಟ ಮಾತ್ರ ಒಳಗೆ ಹೋಗುತ್ತದೆ. ಬರುವ ಸೆಮಿಸ್ಟರಿನಲ್ಲಿ ಎರಡನೆಯ ವಾರದ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಉಳಿದ ಸಮಯವನ್ನು ಐದನೆಯ ಮತ್ತು ಒಂಬತ್ತನೆಯ ವಾರಕ್ಕೆ ಹಂಚಲು ನಮ್ಮ ಪ್ರಾಂಶುಪಾಲರನ್ನು ಕೇಳಿದ್ದೇನೆ. ಒಪ್ಪಿದ್ದಾರೆ. ಸರಸ್ವತೀಪುರಂನ ಹಿರಿಯರು ಹೇಳಿದ ಊರು, ನಾಲೆ, ಜಿಲ್ಲೆಗಳ ಹಳೆಯ ಮತ್ತು ಹೊಸ ಹೆಸರುಗಳನ್ನು ಒಂದು ಹಾಳೆಯಲ್ಲಿ ಜೋಡಿಸಿ, ಹುಡುಕುವ ಕಂಪ್ಯೂಟರುಗಳ ಪಕ್ಕದ ಗೋಡೆಗೆ ಅಂಟಿಸುತ್ತೇನೆ. ಇತಿಹಾಸದ ಸರ್ ತಮ್ಮ ವಿದ್ಯಾರ್ಥಿಗಳನ್ನು ಒಂದು ದಿನ ಕರೆತರುವುದಾದರೆ, ಶಾಸನ ಸಂಪುಟದ ಪರಿಷ್ಕೃತ ಆವೃತ್ತಿ ನಮ್ಮಲ್ಲಿದೆ, ರೈಸ್ ಅವರ ಹಳೆಯ ಸಂಪುಟದ ಸ್ಕ್ಯಾನ್ ಪ್ರತಿಯನ್ನು ಪರದೆಯ ಮೇಲೆ ತೆರೆದಿಡುತ್ತೇನೆ. ಒಂದೇ ಕಲ್ಲನ್ನು ಎರಡು ಆವೃತ್ತಿಗಳಲ್ಲಿ ಹುಡುಕಲು ಕೊಡೋಣ.

ನಿವೃತ್ತ ಗ್ರಂಥಪಾಲಕ, ಸರಸ್ವತೀಪುರಂ, ಮೈಸೂರು

ಆ ಹಾಳೆಗೆ ಇನ್ನೊಂದು ಸಾಲು ಸೇರಿಸಿ ಮೇಡಂ: ಕಾವೇರಿಯನ್ನು ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳಲ್ಲಿ ಬರೆಯುತ್ತಾರೆ, ಕೃಷ್ಣರಾಜಸಾಗರವನ್ನು ಕನ್ನಂಬಾಡಿ ಎಂದೂ ಹುಡುಕಬೇಕು. ವಿದ್ಯಾರ್ಥಿಗಳು ಬರುವ ದಿನವನ್ನು ಮುಂಚಿತವಾಗಿ ತಿಳಿಸಿದರೆ ಬೆಳಗಿನ ರೈಲಿಗೆ ನಾನೂ ಬರುತ್ತೇನೆ. ಬಹಳ ದಿನಗಳಾದವು, ಯಾರಾದರೂ ಹುಡುಕುವುದನ್ನು ಪಕ್ಕದಲ್ಲಿ ನಿಂತು ನೋಡಿ.